ಅರ್ಧ ಕರೆಂಟಿನ ಕಚೇರಿ

ಅಷ್ಟೇ ದೊಡ್ಡ ಬೇರೆ ಕಚೇರಿಗಳಿಗೆ ಹೋಲಿಸಿದರೆ ಆ ಸರ್ಕಾರಿ ಕಚೇರಿ ಬಳಸುತ್ತಿದ್ದ ಕರೆಂಟು ಅರ್ಧಕ್ಕರ್ಧ ಕಡಿಮೆ. ವಿದ್ಯುತ್ ಉಳಿತಾಯದ ಪ್ರಶಸ್ತಿಗೆ ಅದರ ಹೆಸರು ಹೋಗಿತ್ತು. ಉಳಿತಾಯದ ಗುಟ್ಟೇನೆಂದು ಪರೀಕ್ಷಿಸಲು ಇಂಜಿನಿಯರ್ ಭುವನಾ ಬಂದಳು.

ಗೋಡೆಯ ದಪ್ಪ, ಕಿಟಕಿಯ ಬಿಸಿಲು, ಫ್ಯಾನು, ದೀಪ, ಹತ್ತರಿಂದ ಐದೂವರೆಯವರೆಗೆ ಕೂತು ಕೆಲಸ ಮಾಡುವ ನಲವತ್ತು ಮಂದಿ, ಎಲ್ಲವನ್ನೂ ತುಂಬಿ ಅದೇ ಕಟ್ಟಡವನ್ನು ಲ್ಯಾಪ್‌ಟಾಪಿನೊಳಗೆ ಎಬ್ಬಿಸಿದಳು. ಕಂಪ್ಯೂಟರ್ ತೋರಿಸಿದ ಕರೆಂಟು ಮೀಟರಿನಲ್ಲಿದ್ದುದರ ಎರಡರಷ್ಟಾಯಿತು. ಗೋಡೆ ದಪ್ಪ ಮಾಡಿದಳು, ದೀಪ ಕಡಿಮೆ ಮಾಡಿದಳು, ತಾಳೆಯಾಗಲಿಲ್ಲ. ಕೊನೆಗೆ ಬೇಸತ್ತು ಮಂದಿಯನ್ನೇ ಒಬ್ಬೊಬ್ಬರಾಗಿ ತೆಗೆಯುತ್ತ ಹೋದಳು. ಹನ್ನೊಂದು ಮಂದಿ ಉಳಿದಾಗ ಕಂಪ್ಯೂಟರೂ ಮೀಟರೂ ಸರಿಸಮ ಬಂದವು.

ಬರುತ್ತಿದ್ದ ನಗುವನ್ನು ನುಂಗಿಕೊಂಡು ಅವಳು ಕಚೇರಿಯ ಮುಖ್ಯಸ್ಥ ಇಂದೂಧರ ಸಾಹೇಬರ ಕೋಣೆಗೆ ಹೋದಳು.

"ಸರ್, ನಿಮ್ಮ ಕಚೇರಿಗೆ ದಿನಾ ಬರೋರು ಹನ್ನೊಂದೇ ಮಂದಿ ಅಂತ ತೋರಿಸ್ತಿದೆ."

ಸಾಹೇಬರು ಮೇಜು ಗುದ್ದಿದರು. "ಏನ್ರೀ ಇದು! ಪಗಾರ ನಲವತ್ತು ಮಂದಿಗೆ, ಬರೋರು ಹನ್ನೊಂದ ಮಂದಿ? ಇವತ್ತ ನೋಟಿಸ್ ಕೊಡ್ತೀನಿ, ಒಬ್ಬರನ್ನೂ ಬಿಡಂಗಿಲ್ಲ!"

ಕೂಗು ವರಾಂಡದವರೆಗೂ ಕೇಳಿಸಿತು. ಆಮೇಲೆ ಅವರೇ ಎದ್ದು ಬಾಗಿಲು ಹಾಕಿ ಬಂದರು. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಮೇಡಂ, ಆ ಹನ್ನೊಂದರಾಗ ನಾ ಅದೀನೋ ಇಲ್ಲೋ, ಅದೊಂದ್ ನೋಡಿ ಹೇಳ್ರಿ."