ಒಗೆತದ ರಿಯಾಯಿತಿ

ಮೂರನೆಯ ಕೋಟಿನ ಜೇಬಿನಲ್ಲಿ ಲೋರ್ನಾಳ ಕೈಗೆ ಹೆಂಗಸರ ತಲೆಯ ಕ್ಲಿಪ್ಪು ಸಿಕ್ಕಿತು. ಅದಕ್ಕೊಂದು ಉದ್ದನೆಯ ಕೆಂಪು ಕೂದಲು ಸುತ್ತಿಕೊಂಡಿತ್ತು. ಲೋರ್ನಾಳ ಕೂದಲು ಪೂರ್ತಿ ನರೆತು ಬಹಳ ದಿನವಾಗಿತ್ತು.

ಕ್ಲಿಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಸಿಂಕಿಗೆ ಕೈ ಹಾಕಿದಳು. ಮೀನಿನ ಲೋಳೆ, ಹುರುಪೆ, ತೋಳಿನ ತುದಿಯಲ್ಲಿ ಒಣಗಿ ಅಂಟಿದ ಕರುಳಿನ ಚೂರು. ಬಿಸಿನೀರು ಬಿದ್ದಿದ್ದೇ ತಡ, ನಾತ ಮೇಲೆದ್ದು ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳಿಂದ ಪ್ರತಿ ಶುಕ್ರವಾರವೂ ಇದೇ ಗೋಳು, ಆದರೂ ಅಭ್ಯಾಸವಾಗಿರಲಿಲ್ಲ. ಇಂಥ ಹೇಸಿಗೆ ಯಾರಿಗಾದರೂ ಹೇಗೆ ಅಭ್ಯಾಸವಾದೀತು?

ಗಂಡ ನೆವಿಲ್ ಗ್ರಿಮ್ಸ್‌ಬಿ ಬಂದರಿನ ಮೀನಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ವಾರದ ಕೊನೆಗೆ ಕರಿ ಚೀಲದ ತುಂಬ ಬಿಳಿ ಕೋಟುಗಳನ್ನು ತಂದು ಅಡುಗೆಮನೆಯಲ್ಲಿ ಸುರಿಯುತ್ತಿದ್ದ. ದಿನಕ್ಕೆ ಎರಡೆರಡು ಸಲ ಬದಲಾಯಿಸಬೇಕು, ಶುಚಿತ್ವದ ನಿಯಮ ಎನ್ನುತ್ತಿದ್ದ. ತಾನು ಮಾತ್ರ ಅಲ್ಲೇ ಸ್ನಾನ ಮುಗಿಸಿ ಸೋಪಿನ ಪರಿಮಳ ಬೀರುತ್ತ ಬರುತ್ತಿದ್ದ. ನಾತ ಹತ್ತಿಕೊಂಡದ್ದು ಲೋರ್ನಾಳಿಗೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ನೆವಿಲ್ ಹಾಸಿಗೆಯನ್ನೇ ಬೇರೆ ಮಾಡಿಕೊಂಡ.

"ನಿನ್ನ ಪಕ್ಕ ಮಲಗಿದ್ರೆ ಮೀನಿನ ಬುಟ್ಟೀಲಿ ಮಲಗಿದ ಹಾಗಾಗುತ್ತೆ ಕಣೇ" ಎಂದು ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದವನು ವಾಪಸು ಬರಲಿಲ್ಲ.

ಈಗ ಈ ಕ್ಲಿಪ್ಪು. ಇನ್ನೊಬ್ಬಳಿದ್ದರೆ ಈ ಮನೆ ಬಿಡುವುದೇ ಸೈ ಎಂದು ಲೋರ್ನಾ ನಿಶ್ಚಯಿಸಿದಳು. ಲೌತ್ ಊರಿನಲ್ಲಿ ಅಕ್ಕ ಮೋಯ್ರಾ ಇದ್ದಳು, ಅವಳ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಆದರೆ ಅಷ್ಟು ವರ್ಷದ ಸಂಸಾರವನ್ನು ಬರೀ ಗುಮಾನಿಯ ಮೇಲೆ ಬಿಡಲಾಗದು. ಖಾತ್ರಿಯಾಗಬೇಕು.

ಫೋನಿನಲ್ಲಿ ಮೋಯ್ರಾ ಎಲ್ಲ ಕೇಳಿಸಿಕೊಂಡಳು. "ಇನ್ನೊಬ್ಬಳಿದ್ರೆ ಅವಳಿಗೆ ಗುಟ್ಟಾಗಿ ದುಡ್ಡು ಹೋಗ್ತಿರುತ್ತೆ. ದುಡ್ಡಿನ ಜಾಡು ಹಿಡಿ. ಒಗೆತದ ರಿಯಾಯಿತಿ ತಗೊಂಡಿದಾನಾ ನೋಡು."

"ಹಾಗಂದ್ರೆ?"

"ಕೆಲಸದ ಬಟ್ಟೇನ ಮನೇಲಿ ಒಗೆದ್ರೆ ಅದಕ್ಕೆ ಅಂತ ಒಂದಿಷ್ಟು ಸಂಬಳಕ್ಕೆ ತೆರಿಗೆ ಮಾಫಿ ಕಣೇ. ಹೆಚ್ಚಿಗೆ ಹಿಡಿದಿದ್ರೆ ನಾಲ್ಕು ವರ್ಷದ್ದು ವಾಪಸ್ ಕೇಳ್ಬಹುದು. ಮೀನಿನ ಕೆಲಸದವ್ರೆಲ್ಲ ತಗೋತಾರೆ, ನಮ್ಮನೆಯವ್ರೂ ತಗೊಂಡಿದಾರೆ. ಸಂಬಳದ ಚೀಟೀಲಿ ತೆರಿಗೆ ಕೋಡು ಇರುತ್ತೆ. ಎಲ್ರಿಗೂ ಇರೋದು 1257. ನಿನ್ನ ಗಂಡಂದು 1263 ಇದ್ರೆ, ನೀನು ಒಗೆದಿದ್ದರ ದುಡ್ಡು ಅವನು ನುಂಗಿದಾನೆ ಅಂತ ಅರ್ಥ."

ಲೋರ್ನಾ ಗಂಡನ ಜಾಕೆಟ್ಟು ತಡಕಿ ಚೀಟಿ ತೆಗೆದಳು. 1257.

ಅವಳಿಗೆ ನಂಬಿಕೆಯಾಗಲಿಲ್ಲ. ನೆವಿಲ್ ಎಂಥ ಜಿಪುಣನೆಂದರೆ ಟೀ ಚೀಲವನ್ನು ಹೀಟರಿನ ಮೇಲೆ ಒಣಗಿಸಿ ಎರಡನೆಯ ಸಲ ಅದ್ದುತ್ತಿದ್ದ. ಅಂಥವನು ಸರ್ಕಾರದಿಂದ ಬರುವ ದುಡ್ಡು ಬಿಟ್ಟಿದ್ದಾನೆಯೇ?

ಊಟದ ಹೊತ್ತಿಗೆ ಕೇಳಿಯೇ ಬಿಟ್ಟಳು. ಸಾಸೇಜಿಗೆ ಚುಚ್ಚಿದ ಅವನ ಫೋರ್ಕು ಅಲ್ಲೇ ನಿಂತಿತು.

"ಬೇಡ."

"ನಮ್ಮ ದುಡ್ಡೇ ಕಣೋ ಅದು."

"ಬೇಡ ಅಂದ್ನಲ್ಲ! ತೆರಿಗೆಯವ್ರ ಕಣ್ಣು ಈ ಮನೆ ಮೇಲೆ ಬೀಳೋದು ಬೇಡ. ನಿನ್ನ ಕೆಲಸ ಒಗೆಯೋದು. ಬಾಯಿ ಮುಚ್ಕೊಂಡು ಒಗಿ."

ತೆರಿಗೆಯವರಿಗೆ ಕಾಣಬಾರದಂಥದ್ದು ಏನಿದೆ? ಇನ್ನೊಂದು ಮನೆಗೆ ಹೋಗುವ ದುಡ್ಡಲ್ಲದೆ ಇನ್ನೇನು! ಅವನ ಗಲ್ಲದ ಮೇಲೆ ಗ್ರೇವಿ ಇಳಿಯುತ್ತಿತ್ತು. ಈ ಮನುಷ್ಯನ ಎದುರು ಕೂತು ಉಣ್ಣುವುದಕ್ಕಿಂತ ಸಿಂಕಿನಲ್ಲಿದ್ದ ಕರುಳೇ ವಾಸಿ ಎನ್ನಿಸಿ ಲೋರ್ನಾ ತಟ್ಟೆ ಸರಿಸಿ ಎದ್ದಳು.

ರಿಯಾಯಿತಿ ಬೇಕೆಂದರೆ ಬಟ್ಟೆ ಮನೆಯಲ್ಲೇ ಒಗೆಯುತ್ತಾರೆಂದು ಕಾರ್ಖಾನೆಯಿಂದ ಬರೆಸಿಕೊಂಡು ಬರಬೇಕು ಎಂದಿದ್ದಳು ಮೋಯ್ರಾ. ಒಳ್ಳೆಯದೇ ಆಯಿತು. ಸೋಮವಾರ ಲೋರ್ನಾ ಬಂದರಿನ ಬಸ್ಸು ಹತ್ತಿದಳು. ಪತ್ರವೂ ಆಗುತ್ತದೆ, ಕೆಂಪು ಕೂದಲಿನವಳ ಮುಖ ನೋಡಿದಂತೆಯೂ ಆಗುತ್ತದೆ.

ಹುಡುಕಬೇಕಾಗಲೇ ಇಲ್ಲ. ಪಾಳಿ ಮುಗಿದು ಜನ ಗೇಟಿಗೆ ಬರುವಾಗ ಅವಳು ಮುಂದೆಯೇ ಇದ್ದಳು, ಬಾಯಲ್ಲಿ ಸಿಗರೇಟು. ಲೋರ್ನಾ ಅಡ್ಡ ನಿಂತು ಕ್ಲಿಪ್ಪು ಹಿಡಿದ ಕೈ ಚಾಚಿದಳು.

"ಇದು ನಿಂದಾ?"

"ಅಯ್ಯೋ, ನಂದೇ! ಎಲ್ಲಿ ಸಿಕ್ತು?"

"ನನ್ನ ಗಂಡನ ಕೋಟಿನ ಜೇಬಲ್ಲಿ. ನೆವಿಲ್‌ ಕೋಟಲ್ಲಿ."

ಆ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮುಖ ಅರಳಿತು. "ಅದು ನನ್ನ ಕೋಟು ಅಕ್ಕ! ಶುಕ್ರವಾರ ಒಗೆಯೋಕೆ ಕೊಟ್ಟಿದ್ದೆ. ಓಹೋ, ನೆವಿಲ್ ಲಾಂಡ್ರಿ ಲಾಂಡ್ರಿ ಅಂತಿದ್ದಿದ್ದು ನೀವೇನಾ? ಏ, ಬನ್ರೋ ಇಲ್ಲಿ! ಲಾಂಡ್ರಿಯವ್ರು ಬಂದಿದಾರೆ!"

ನಾಲ್ಕಾರು ಜನ ಸುತ್ತ ನೆರೆದರು. ಒಬ್ಬ ದಢೂತಿ ಆಸಾಮಿ ತನ್ನ ಕಾಲರು ಎಳೆದು ತೋರಿಸಿದ. "ನೋಡಮ್ಮ, ಕೋಟಿಗೆ ಮೂರು ಪೌಂಡ್ ಎಣಿಸ್ತೀವಿ. ಹೋದ ವಾರದ್ದು ನಾತ ಹೋಗೇ ಇಲ್ಲ. ಸ್ವಲ್ಪ ಮನಸ್ಸಿಟ್ಟು ಉಜ್ಜು."

ಇನ್ನೊಬ್ಬಳಿಲ್ಲ. ಒಂದು ಗಳಿಗೆ ಲೋರ್ನಾಳ ಎದೆ ಹಗುರಾಯಿತು. ಜಿಪುಣ ಗಂಡನ ಜೊತೆ ಇಷ್ಟು ವರ್ಷ ಏಗಿದವಳು ಇನ್ನೂ ಏಗಬಲ್ಲಳು. ಊರವರ ಹೊಲಸನ್ನು ಹೆಂಡತಿಯಿಂದ ಬಿಟ್ಟಿ ತೊಳೆಸಿ ದುಡ್ಡು ಎಣಿಸಿಕೊಂಡ, ಥೂ, ನಿಜ. ಆದರೂ ಅವನೂ ಅದೇ ಹೊಲಸಿನಲ್ಲಿ ದುಡಿಯುವವನಲ್ಲವೇ, ಆ ರಾಶಿಯಲ್ಲಿ ಅವನದೂ ಒಂದೆರಡು ಇರುತ್ತವಲ್ಲ.

"ಅದ್ರಲ್ಲಿ ನೆವಿಲ್‌ದು ಯಾವುದು?" ಎಂದು ಕೇಳಿದಳು.

ಎಲ್ಲರೂ ನಕ್ಕರು. ಕೆಂಪು ಕೂದಲಿನವಳು ಮಹಡಿಯ ಮೇಲಿನ ಗಾಜಿನ ಆಫೀಸಿನತ್ತ ಸಿಗರೇಟು ತೋರಿಸಿದಳು. "ಅವ್ರಿಗೆಲ್ಲಿಯ ಕೋಟು ಅಕ್ಕ? ನಾಲ್ಕು ವರ್ಷದಿಂದ ಅಲ್ಲಿ ಟೈ ಕಟ್ಕೊಂಡು ಕೂತಿದಾರೆ. ಮೀನಿನ ವಾಸನೆ ತಡೆಯೋಕಾಗಲ್ವಂತೆ ಪಾಪ."