ಟೇಪಿನ ತುದಿ

ಸುಣ್ಣದ ನಾಲ್ಕನೇ ಗುರುತು ಬಿದ್ದಾಗಲೇ ಅಂಬುಬಾಯಿಗೆ ಹೊಳೆದದ್ದು. ಇದು ತನ್ನ ಹೊಲಕ್ಕೆ ಸೋಲಾರ್ ಬರುವ ಗುರುತಲ್ಲ, ಕರೆಂಟ್ ಟವರಿನ ನಾಲ್ಕು ಕಾಲಿನದು.

"ಕಪಿಲ್ಯಾ, ಇದೇನೋ?"

ಕಪಿಲ ಅವಳ ಭಾವನ ಮಗ, ಸೋಲಾರ್ ಕಂಪನಿಯ ಸರ್ವೆಯವನು. ಮಳೆಗಾಲಕ್ಕೆ ಮುಂಚೆ, ಈಗ ಅವಳು ಹಿಡಿದಿರುವ ಇದೇ ಅಳತೆ ಟೇಪಿನ ತುದಿಯನ್ನು ಅವಳ ಕೈಗಿಟ್ಟು, ರಾಜೇಶ್ವರದ ಸಬ್‌ಸ್ಟೇಷನ್ ಬೇಲಿಯಿಂದ ಅವಳ ಬದುವಿನ ತನಕ ಅಳೆದಿದ್ದ. "ನಾಕೇ ಟೇಪು ದೂರ, ಕಾಕಿ! ತಂತಿ ಖರ್ಚೇ ಇಲ್ಲ. ಕಂಪನಿ ನಿಮ್ಮ ಹೊಲ ಬಿಡಂಗಿಲ್ಲ, ಈ ಸಲ ಬಿತ್ತಬ್ಯಾಡ್ರಿ" ಅಂದಿದ್ದ. ಅವಳು ಬಿತ್ತಿರಲಿಲ್ಲ.

"ಸೋಲಾರ್ ಹುಮನಾಬಾದ್ ಕಡೆ ಹೋತ್ರಿ, ಕಾಕಿ. ಕರೆಂಟು ಮಾತ್ರ ನಿಮ್ಮ ಹೊಲದ ಮ್ಯಾಲಿಂದ ಇದೇ ಸಬ್‌ಸ್ಟೇಷನ್‌ಗೆ ಬರ್ತದ."

"ಅಷ್ಟು ದೂರದಿಂದ? ಆ ತಂತಿ ಖರ್ಚು ಯಾರ ತಲಿ ಮ್ಯಾಲೋ?"

"ಎಲ್ಲಾರ ಬಿಲ್ಲಿನಾಗ ಸ್ವಲ್ಪ ಸ್ವಲ್ಪ ಬೀಳ್ತದ್ರಿ. ಕಂಪನಿಗೇನು, ಅಲ್ಲಿ ಜಮೀನು ಸಸ್ತಾ."

"ಯಾರದು ಆ ಜಮೀನು?"

ಕಪಿಲ ಟೇಪಿನ ಅಂಕಿಗಳನ್ನೇ ನೋಡುತ್ತ ನಿಂತ. "ನಮ್ಮ ಮಾವಂದು" ಅಂದ. ಆಮೇಲೆ, "ತುದಿ ಗಟ್ಟಿ ಹಿಡೀರಿ ಕಾಕಿ, ಇನ್ನೊಂದು ಅಳತಿ ಅದ."

ಅಂಬುಬಾಯಿ ಕೈ ಬಿಟ್ಟಳು. ಉಕ್ಕಿನ ಟೇಪು ಬಿತ್ತದ ನೆಲದ ಮೇಲೆ ಸರ್ರನೆ ಓಡಿ ಅವನ ಬೆರಳಿಗೆ ಬಡಿಯಿತು.