ಮೂರನೆಯ ನಡುಗಡ್ಡೆ

ನೀರಿನೊಳಗೆ ಮುಖವಿಟ್ಟು ಮೀನು ನೋಡುತ್ತಿದ್ದ ಹೆಲನ್ ಪಕ್ಕಕ್ಕೆ ತಿರುಗಿದಾಗ ಶಶಿಪ್ರಭಾ ಅಲ್ಲಿರಲಿಲ್ಲ. ತಲೆ ಎತ್ತಿದಳು. ದೋಣಿ ಎಷ್ಟೋ ದೂರದಲ್ಲಿತ್ತು. ಬಂಡೆಗಳ ನಡುಗಡ್ಡೆ ಬೆನ್ನ ಹಿಂದಕ್ಕೆ ಸರಿದುಹೋಗಿತ್ತು. ಇಪ್ಪತ್ತು ಮಾರು ಆಚೆ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಅಲೆಯ ಮೇಲೆ ಏಳುತ್ತ ಬೀಳುತ್ತ ಇತ್ತು. ಜಾಕೆಟ್ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ.

ಇಬ್ಬರೂ ಕೊಡಿಯಾಲ್‌ಬೈಲಿನ ಒಂದೇ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದವರು. ಕ್ರಿಸ್ಮಸ್ ರಜೆಯಲ್ಲಿ ಡ್ರಿಲ್ ಮಾಸ್ಟರ್ ಸೆಡ್ರಿಕ್, ಉಳ್ಳಾಲದ ಶಿಹಾಬನ ದೋಣಿ ಗೊತ್ತು ಮಾಡಿ, ಮೂರು ನಡುಗಡ್ಡೆ ಸುತ್ತಿ ಬರುವ ಎಂದಾಗ ಶಶಿಪ್ರಭಾ ಬರುವುದೇ ಇಲ್ಲ ಎಂದಿದ್ದಳು. ಅವಳಿಗೆ ಈಜು ಬಾರದು. ಎರಡು ದಿನ ಬೆನ್ನುಬಿದ್ದು ಒಪ್ಪಿಸಿದವಳು ಹೆಲನ್. ಮೊದಲ ಎರಡು ನಡುಗಡ್ಡೆಗಳಲ್ಲಿ ಸೊಂಟಮಟ್ಟದ ನೀರು. ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ಮುಖ ಮುಳುಗಿಸಿದ ಶಶಿಪ್ರಭಾ ಸಣ್ಣ ಮಕ್ಕಳ ಹಾಗೆ ನಕ್ಕಿದ್ದಳು. ಮೂರನೆಯದರಲ್ಲಿ ಮಾತ್ರ ಶಿಹಾಬ್ ಎರಡು ಸಲ ಹೇಳಿದ್ದ, "ಈ ಬಂಡೆ ದಾಟಬೇಡಿ ಟೀಚರ್. ಆಚೆ ನೀರು ಎಳೀತದೆ." ನೀಲಿ ಮೀನಿನ ಹಿಂಡೊಂದು ಕಂಡಾಗ ಹೆಲನ್ ದಾಟಿದಳು. ಮುಳುಗಿ ನೋಡಲಿಕ್ಕೆ ಅಡ್ಡವಾಗುತ್ತದೆಂದು ತನ್ನ ಜಾಕೆಟ್ಟನ್ನು ಮೊದಲೇ ದೋಣಿಯಲ್ಲಿ ಬಿಚ್ಚಿಟ್ಟಿದ್ದಳು. ಅವಳ ಹಿಂದೆಯೇ ಶಶಿಪ್ರಭಾ ಬಂದಿದ್ದಳು, ಹೆಲನ್ ಇದ್ದಾಳಲ್ಲ ಎಂಬ ಧೈರ್ಯದಲ್ಲಿ.

ಹೆಲನ್ ಈಜಿಕೊಂಡು ಹೋಗಿ ತಲುಪಿದಳು. ಬಿಗಿಯಾಗಿ ಕಟ್ಟದ ಜಾಕೆಟ್ ಮೇಲಕ್ಕೇರಿ ಶಶಿಪ್ರಭಾಳ ಕಿವಿಯವರೆಗೂ ಬಂದಿತ್ತು. ಕೊಳವೆ ಎಲ್ಲೋ ಹೋಗಿತ್ತು. ಕೆಮ್ಮುತ್ತ, ಉಪ್ಪುನೀರು ಕಾರುತ್ತ ಇದ್ದ ಅವಳು ಹೆಲನ್ ಹತ್ತಿರ ಬಂದದ್ದೇ ತಡ, ಎರಡೂ ಕೈಗಳಲ್ಲಿ ಕುತ್ತಿಗೆಗೆ ಜೋತುಬಿದ್ದಳು. ಬಿಡು, ಬೆನ್ನ ಮೇಲೆ ಮಲಗು ಎಂದು ಹೇಳಲು ಬಾಯಿ ತೆರೆದ ಹೆಲನ್‌ಳ ಬಾಯಿಗೆ ಸಮುದ್ರ ನುಗ್ಗಿತು. ಮರುಕ್ಷಣ ಅವಳು ನೀರಿನ ಕೆಳಗಿದ್ದಳು, ಹೆಗಲ ಮೇಲೆ ಶಶಿಪ್ರಭಾಳ ಮೊಣಕಾಲು. ಒಮ್ಮೆ ಮೇಲೆ ಬಂದು ಅರ್ಧ ಉಸಿರು ಎಳೆದುಕೊಂಡಳು. ಮತ್ತೆ ಕೆಳಗೆ. ಎದೆ ಒಡೆಯುವುದೊಂದು ಬಾಕಿ. ಕತ್ತಿನ ಸುತ್ತ ಇದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವು ತಲೆಕೂದಲನ್ನು ಹಿಡಿದವು. ನೀರಿನೊಳಗೆ ಎರಡು ಮುಖಗಳೂ ಎದುರುಬದುರಾದವು. ಮಾಸ್ಕಿನ ಗಾಜಿನ ಹಿಂದೆ ಶಶಿಪ್ರಭಾಳ ಕಣ್ಣುಗಳು ಅಗಲವಾಗಿ ತೆರೆದು ಅವಳನ್ನೇ ನೋಡುತ್ತಿದ್ದವು. ಹೆಲನ್ ಮಂಡಿ ಮಡಚಿ, ಮೀನಿನ ರೆಕ್ಕೆಯಂಥ ರಬ್ಬರ್ ಫಿನ್ ಕಟ್ಟಿದ ಕಾಲನ್ನು ಅವಳ ಕುತ್ತಿಗೆಯ ಬುಡಕ್ಕೆ ಒತ್ತಿ, ಇದ್ದ ಬಲವನ್ನೆಲ್ಲ ಹಾಕಿ ಒದ್ದಳು.

ಕೈ ಬಿಟ್ಟಿತು. ಮೇಲೆ ಬಂದ ಹೆಲನ್ ಉಸಿರಾಡಿದಳು. ಇನ್ನೂ ಉಸಿರಾಡಿದಳು. ತಿರುಗಿ ನೋಡಲು ಎಷ್ಟು ಹೊತ್ತು ಹಿಡಿಯಿತೆಂಬುದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ತಿರುಗುವಷ್ಟರಲ್ಲಿ ದೋಣಿ ಹತ್ತಿರ ಬಂದಿತ್ತು. ಶಿಹಾಬ್ ಹಗ್ಗ ಸುತ್ತಿಕೊಂಡು ನೀರಿಗೆ ಹಾರಿದ್ದ. ಜಾಕೆಟ್ಟಿನ ಕಾಲರ್ ಹಿಡಿದು ಅವನು ಎಳೆದು ತಂದ ಶಶಿಪ್ರಭಾಳ ತುಟಿಗಳು ನೇರಳೆಯಾಗಿದ್ದವು.

ದೋಣಿಯಲ್ಲಿ ಮಗುಚಿ ಮಲಗಿಸಿ ಬೆನ್ನು ತಟ್ಟಿದ ಮೇಲೆ ಅವಳು ಎರಡು ಸಲ ವಾಂತಿ ಮಾಡಿಕೊಂಡಳು, ಮತ್ತೆ ಎದ್ದು ಕುಳಿತಳು. ಸೆಡ್ರಿಕ್ ಟವೆಲ್ ಹೊದಿಸಿದ. ಹೆಲನ್ ಹತ್ತಿರ ಇದ್ದದ್ದಕ್ಕೆ ಆಯಿತು, ಇಲ್ಲದಿದ್ದರೆ ಇವತ್ತು ತಾರಾನಾಥಣ್ಣನಿಗೆ ಹೆಂಡತಿಯ ವಿಷಯ ಹೇಗೆ ಹೇಳುವುದಿತ್ತು ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಶಿಹಾಬ್ ಹೆಲನ್ ಕಡೆಗೊಮ್ಮೆ ನೋಡಿ ಇಂಜಿನ್ ಶುರು ಮಾಡಿದ. ಇವನು ನೋಡಿದ್ದಾನೆಯೇ? ಹೆಲನ್ ಹಲ್ಲು ಕಟಕಟಿಸುತ್ತ ಕುಳಿತಳು. ಬಿಸಿಲು ಸುಡುತ್ತಿದ್ದರೂ ಚಳಿ ಬಿಡಲಿಲ್ಲ.

ಟವೆಲ್ ಜಾರಿದಾಗ ಸೆಡ್ರಿಕ್ ಕೇಳಿದ, "ಕುತ್ತಿಗೆಯ ಹತ್ತಿರ ಎಂತ ಟೀಚರ್ ಅದು? ಇಷ್ಟು ಕೆಂಪಾಗಿ ಉಂಟು?"



ಶಶಿಪ್ರಭಾ ಬಗ್ಗಿ ನೋಡಿಕೊಂಡಳು. ಬಾತು ಏಳುತ್ತಿದ್ದ ಅಡ್ಡಗೆರೆಯ ಮೇಲೆ ಎರಡು ಬೆರಳು ಇಟ್ಟಳು. "ಬಂಡೆ ತಾಗಿದ್ದು," ಎಂದಳು.

ಅವರಿದ್ದ ಕಡೆ ಬಂಡೆಯೇ ಇರಲಿಲ್ಲ. ಹೆಲನ್‌ಗೆ ಮೊದಲು ಜೀವ ಬಂದಂತಾಯಿತು. ಮರುಗಳಿಗೆಗೆ ಬೇರೆಯೇ ಹೆದರಿಕೆ ಎದ್ದಿತು. ಇವಳಿಗೆ ಏನೂ ನೆನಪಿಲ್ಲವೇ? ಅಥವಾ ಎಲ್ಲವೂ ನೆನಪಿದೆಯೇ? ರಜೆ ಮುಗಿದು ಸ್ಟಾಫ್ ರೂಮಿನಲ್ಲಿ ಎದುರುಬದುರು ಕುಳಿತಾಗ? ಹತ್ತಿರ ಸರಿದು ಶಶೀ ಎಂದು ಕರೆದಳು. ಇಂಜಿನಿನ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ, ಅವಳು ಕದಲಲಿಲ್ಲ.

ನದಿ ಕಡಲಿಗೆ ಬೀಳುವ ಅಳಿವೆಯ ಬಾಯಿಗೆ ಬಂದಾಗ ಅಲೆಗಳು ದಪ್ಪವಾದವು. ಎಲ್ಲರೂ ಗಟ್ಟಿ ಹಿಡಿದುಕೊಳ್ಳಿ ಎಂದ ಶಿಹಾಬ್. ದೋಣಿಯ ಮೂತಿ ಒಮ್ಮೆಲೇ ಆಕಾಶಕ್ಕೆ ಎದ್ದಿತು. ಶಶಿಪ್ರಭಾ ಕುಳಿತಲ್ಲಿಂದ ಜಾರಿದಳು. ಹೆಲನ್ ತನಗೇ ಗೊತ್ತಿಲ್ಲದೆ ಕೈ ಚಾಚಿದಳು.

ಶಶಿಪ್ರಭಾ ಆ ಕೈಯನ್ನು ನೋಡಿದಳು. ಆಮೇಲೆ ಮಂಡಿಯೂರಿ ತೆವಳಿಕೊಂಡು ಹೋಗಿ ದೋಣಿಯ ಒದ್ದೆ ಹಗ್ಗವನ್ನು ಹಿಡಿದಳು.